ಬಹುವಚನದ ದೇಶಕ್ಕೆ ಹೋಗಿಬಂದದ್ದು

ದಾಸರಹಳ್ಳಿ

ನಮ್ಮ ನೆಂಟರಿಷ್ಟರಲ್ಲಿ ವಿದೇಶ ನೋಡದೆ ಉಳಿದವಳು ನಾನೊಬ್ಬಳೇ. ಮದುವೆಗೆ ಹೋಗಲಿ, ಗೃಹಪ್ರವೇಶಕ್ಕೆ ಹೋಗಲಿ, ಯಾರಾದರೊಬ್ಬರು ಸಿಂಗಪುರವನ್ನೋ ಸ್ವಿಟ್ಜರ್ಲೆಂಡನ್ನೋ ನನ್ನ ಎಲೆಗೆ ಬಡಿಸಿಯೇ ಬಡಿಸುತ್ತಾರೆ. "ಅಲ್ಲಿ ರಸ್ತೆ ಮೇಲೆ ಅನ್ನ ಹಾಕ್ಕೊಂಡು ತಿನ್ಬೋದು ಕಣ್ರೀ, ಅಷ್ಟು ಕ್ಲೀನು!" ಅನ್ನುತ್ತಾರೆ. ಅಷ್ಟು ದೂರ ಹೋಗಿ ರಸ್ತೆ ಮೇಲೆ ಅನ್ನ ತಿನ್ನುವ ದರ್ದು ಇವರಿಗೆ ಏನಿತ್ತೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಇರಲಿ, ಈಗ ನಾನೂ ಹೋಗಿಬಂದೆ. ಪಾಸ್‌ಪೋರ್ಟ್ ಬೇಕಾಗಲಿಲ್ಲ. ದಾಸರಹಳ್ಳಿಯಲ್ಲಿ ಮೆಟ್ರೊ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಿಸಿ, ಹೂಡಿಯಲ್ಲಿ ಇಳಿದೆ. ವೈಟ್‌ಫೀಲ್ಡ್ ಕಡೆಯನ್ನೂ ವಿದೇಶ ಅನ್ನುತ್ತಾರೇನ್ರೀ ಎಂದು ನಗುವವರು ಒಮ್ಮೆ ಅಲ್ಲಿಯ ಅಪಾರ್ಟ್‌ಮೆಂಟಿನ ಗೇಟು ದಾಟಿ ಬನ್ನಿ, ಆಮೇಲೆ ಮಾತಾಡೋಣ.

ನನ್ನ ಕೆಲಸ ಹೇಳಿಬಿಡುತ್ತೇನೆ. ದಾಸರಹಳ್ಳಿಯಲ್ಲಿ ಹಿಟ್ಟಿನ ಗಿರಣಿಯ ಮೇಲೆ ಒಂದು ಕುಟುಂಬ ಸಲಹಾ ಕೇಂದ್ರವಿದೆ. ಅಲ್ಲಿ ನಾನು ಸಲಹೆಗಾರ್ತಿ. ಮನೆಯಲ್ಲಿ ಪೆಟ್ಟು ತಿಂದ ಹೆಂಗಸರು ಬರುತ್ತಾರೆ. ಅಪಾಯ ಎಷ್ಟಿದೆ, ಮಕ್ಕಳ ಗತಿ ಏನು, ಮುಂದೆ ಏನು ಮಾಡಬೇಕು ಎಂದು ವಿಚಾರಿಸಿ ದಾರಿ ತೋರಿಸುವುದು ನಮ್ಮ ಕೆಲಸ. ಕೆಳಗೆ ರಾಗಿ ಬೀಸುತ್ತಿರುತ್ತದೆ, ಮೇಲೆ ಸಂಸಾರಗಳು. ಪೀಣ್ಯದ ಶೆಡ್ಡುಗಳಲ್ಲಿ ದುಡಿಯುವ ನಮ್ಮ ಗಂಡಸರಿಗೆ ಗುಟ್ಟು ಗೊತ್ತಿಲ್ಲ. ಬೀದಿಗೆಲ್ಲ ಕೇಳುವಂತೆ ಬೈದು, ಬಾಗಿಲು ತೆರೆದಿಟ್ಟೇ ಹೊಡೆಯುತ್ತಾರೆ. ಗೋಡೆಗೆ ಕಿವಿ ಇರುವುದು ನಮ್ಮಲ್ಲಿ ಗಾದೆಯಲ್ಲ, ಕಟ್ಟಡದ ಗುಣಮಟ್ಟ. ಒಂದು ಮನೆಯಲ್ಲಿ ಏಟು ಬಿದ್ದರೆ ಪಕ್ಕದ ಮನೆಯಾಕೆ ಸರಿಯಾಗಿ ಕೇಳಿಸಲೆಂದು ಮಿಕ್ಸಿ ನಿಲ್ಲಿಸುತ್ತಾಳೆ. ಹಾಗಾಗಿ ನಮ್ಮಲ್ಲಿ ಸಾಕ್ಷಿಗೆ ಬರವಿಲ್ಲ.

ನಮಗೆ ತರಬೇತಿ ಕೊಟ್ಟವರು ಕಲಿಸಿದ ಮೊದಲ ಪಾಠ ಇದು: ಬಂದ ಹೆಣ್ಣುಮಗಳನ್ನು ಬಹುವಚನದಲ್ಲಿ ಮಾತಾಡಿಸಿ. 'ನೀ', 'ಏನೇ' ಕೇಳಿ ಕೇಳಿ ಸೋತು ಬಂದವಳಿಗೆ ಒಂದು 'ನೀವು' ಅರ್ಧ ಚಿಕಿತ್ಸೆ. ಈ ಪಾಠ ನನ್ನ ನಾಲಿಗೆಗೆ ಎಷ್ಟು ಅಂಟಿಕೊಂಡಿದೆಯೆಂದರೆ ಮನೆಯ ಬೆಕ್ಕಿಗೂ "ನೀವು ಹಾಲು ಕುಡೀರಿ" ಅಂದುಬಿಡುತ್ತೇನೆ.

ಒಂದು ಮಧ್ಯಾಹ್ನ ಫೋನು ಬಂತು. ಮಹದೇವಪುರದ ಕಡೆಯ ಅಪಾರ್ಟ್‌ಮೆಂಟಿನಿಂದ, ಮನೆಗೆಲಸದಾಕೆಯ ಫೋನಿನಲ್ಲಿ ಒಬ್ಬ ಹೆಂಗಸು ಪಿಸುಗುಟ್ಟಿದಳು. ಹೆಸರು ಬದಲಿಸಿದ್ದೇನೆ, ಶೈಲಾ ಅನ್ನೋಣ. ರಾಣೆಬೆನ್ನೂರು ಕಡೆಯವಳು.

"ನೀವ ಮನೀಗೆ ಬರ್ತೀರೇನ್ರಿ? ನನಗ ಅಲ್ಲಿಗೆ ಬರಾಕ ಆಗಂಗಿಲ್ಲ."

"ಯಾಕಮ್ಮಾ, ಕೂಡಿ ಹಾಕಿದ್ದಾರಾ?"

"ಇಲ್ರಿ. ನಾ ಒಬ್ಬಾಕಿ ಎಲ್ಲಿಗಾದ್ರೂ ಹೋಗಬಹುದು. ಮಗಳನ್ನ ಕರಕೊಂಡು ಹೊಂಟ್ರ ಗೇಟಿನವರು ಅವರ ಫೋನಿಗೆ ಕೇಳ್ತಾರ. ಆಪ್ ಐತ್ರಿ. ಅವರು ಹೂಂ ಅಂದ್ರನ ಮಗು ಹೊರಗ. ಆಕೀನ್ನ ಬಿಟ್ಟು ನಾ ಹೆಂಗ ಬರ್ಲಿ?"

ಎಂಥ ನಾಗರಿಕತೆ! ನಮ್ಮಲ್ಲಿ ಪಾಪ ಗಂಡಂದಿರು ಹೊರಗಿನಿಂದ ಬೀಗ ಜಡಿದು, ಬೀಗದಕೈ ಎಲ್ಲಿಟ್ಟೆನೆಂದು ಸಂಜೆ ತಾವೇ ಹುಡುಕಾಡುತ್ತಾರೆ.

ಮೆಜೆಸ್ಟಿಕ್

ಮನೆಗೆ ಹೋಗಿ ವಿಚಾರಿಸುವಾಗ ಇಬ್ಬರು ಹೋಗಬೇಕೆಂಬುದು ಕೇಂದ್ರದ ನಿಯಮ. ನನ್ನ ಜೊತೆ ಹೊರಟವರು ಶ್ರೀಕಂಠಯ್ಯನವರು, ನಮ್ಮ ಸಮಿತಿಯ ಅಧ್ಯಕ್ಷರು. ಸರ್ಕಾರಿ ಕಾರ್ಖಾನೆಯೊಂದರ ಗೇಟಿನಲ್ಲಿ ಭದ್ರತಾ ಅಧಿಕಾರಿಯಾಗಿ ನಿವೃತ್ತರಾದವರು. ಇವತ್ತಿಗೂ ಯಾರಾದರೂ ಚೀಲ ಹಿಡಿದು ಎದುರು ಬಂದರೆ ಅವರ ಕಣ್ಣು ಚೀಲದೊಳಗೆ ಹೋಗುತ್ತದೆ. ಸಂಸಾರಗಳ ಬಗ್ಗೆ ಅವರಿಗೆ ಒಂದೇ ಸಿದ್ಧಾಂತ: ರಾಜಿ. ಹಲ್ಲು ಉದುರಿಸಿಕೊಂಡು ಬಂದವಳಿಗೂ "ಎರಡು ಪಾತ್ರೆ ಅಂದ್ಮೇಲೆ ಸದ್ದಾಗುತ್ತಮ್ಮಾ" ಅನ್ನುವ ಪುಣ್ಯಾತ್ಮರು. ಒಮ್ಮೆ ಒಬ್ಬಳು, "ಸದ್ದು ಮಾಡ್ತಿರೋದು ಒಂದೇ ಪಾತ್ರೆ ಸಾರ್, ಇನ್ನೊಂದು ನೆಗ್ಗೋಗದೆ" ಅಂದಮೇಲೆ ಒಂದು ವಾರ ಆ ಮಾತಿಗೆ ರಜೆ ಕೊಟ್ಟಿದ್ದರು.

ಮೆಜೆಸ್ಟಿಕ್ಕಿನಲ್ಲಿ ಹಸಿರು ಗೆರೆಯಿಂದ ನೇರಳೆ ಗೆರೆಗೆ ದಾಟುವಾಗ ಜನಪ್ರವಾಹ ಅವರನ್ನು ಎತ್ತಿಕೊಂಡು ಹೋಗಿ ಚಲ್ಲಘಟ್ಟದ ರೈಲಿಗೆ ಹತ್ತಿಸಿಬಿಟ್ಟಿತು. ನಾನು ವೈಟ್‌ಫೀಲ್ಡಿನ ಕಡೆ, ಅವರು ತದ್ವಿರುದ್ಧ. ಫೋನು ಮಾಡಿದರೆ, "ಮೇಡಂ, ನಾನು ಹತ್ತಲಿಲ್ಲ, ನನ್ನನ್ನು ಹತ್ತಿಸಿದ್ರು" ಎಂದು ದೂರಿದರು. ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸು ಬರುವವರೆಗೆ ಕಂಬಕ್ಕೊರಗಿ ಕಾದೆ.

ರೈಲು ಪೂರ್ವಕ್ಕೆ ಹೋದಂತೆಲ್ಲ ಭಾಷೆ ಬದಲಾಯಿತು. ಇಂದಿರಾನಗರ ದಾಟುವ ಹೊತ್ತಿಗೆ ಕನ್ನಡ ಮಾತಾಡುತ್ತಿದ್ದವರು ನಾವಿಬ್ಬರು ಮತ್ತು ನಿಲ್ದಾಣದ ಹೆಸರು ಕೂಗುವ ಧ್ವನಿ. ಎಲ್ಲರ ಕೊರಳಲ್ಲೂ ಗುರುತಿನ ಚೀಟಿ. ಶ್ರೀಕಂಠಯ್ಯನವರಿಗೆ ಬಹಳ ಹಿಡಿಸಿತು. "ನೋಡಿ, ಎಷ್ಟು ಶಿಸ್ತು! ಒಬ್ರಾದ್ರೂ ತಳ್ತಾರಾ? ಎಲ್ಲದಕ್ಕೂ ಸಾರಿ, ಎಲ್ಲದಕ್ಕೂ ಪ್ಲೀಸ್" ಎಂದು ಉದ್ಗರಿಸಿದರು. ಯಾರೋ ಅವರ ಕಾಲು ತುಳಿದು ಸಾರಿ ಅಂದಿದ್ದರು.

ಗೇಟು

ಗೇಟಿನಲ್ಲಿ ಹೆಸರು, ಫ್ಲಾಟ್ ನಂಬರು ಹೇಳಿದರೆ ಕಾವಲಿನವನು ಆಪಿನಲ್ಲಿ ಒತ್ತುತ್ತಾನೆ. ಆ ಕಡೆಯಿಂದ ಒಪ್ಪಿಗೆ ಬಂದರೆ ಪ್ರವೇಶ. ಒಪ್ಪಿಗೆ ಕೇಳುವುದು ಶೈಲಾಳ ಗಂಡನ ಫೋನಿಗೆ. ಅವನೋ ಹತ್ತಿರದ ಆಫೀಸಿನಲ್ಲಿ ಕೂತಿದ್ದಾನೆ. ಅಂದರೆ, ಹೆಂಡತಿಗೆ ಹೊಡೆಯುತ್ತೀಯಾ ಎಂದು ವಿಚಾರಿಸಲು ಬಂದವರು ಗಂಡನಿಂದಲೇ ವೀಸಾ ಪಡೆಯಬೇಕು.

ಆದರೆ ಯಾವ ದೇಶಕ್ಕೂ ಒಂದು ಸಲೀಸಾದ ವೀಸಾ ಇದ್ದೇ ಇರುತ್ತದೆ. ಒಳಗಿನ ಹೊಸ ಕಟ್ಟಡದಲ್ಲಿ ಫ್ಲಾಟು ಮಾರಾಟಕ್ಕಿದೆ ಎಂದು ದೊಡ್ಡ ಬೋರ್ಡಿತ್ತು. ನಾನು ಸೆರಗು ಸರಿಮಾಡಿಕೊಂಡು, "ಫ್ಲಾಟ್ ನೋಡೋಕೆ ಬಂದಿದ್ದೀವಪ್ಪಾ, ನಮ್ಮ ಯಜಮಾನ್ರಿಗೆ ಪೂರ್ವದ ಬಾಗಿಲೇ ಆಗ್ಬೇಕು" ಅಂದೆ.

ಯಜಮಾನರು ಎಂದು ನಾನು ಕೈ ತೋರಿದಾಗ ಶ್ರೀಕಂಠಯ್ಯನವರ ಮುಖ ಬೆಂದ ಬದನೆಕಾಯಿಯಾಯಿತು. "ಶಿವಶಿವಾ" ಅಂದರು. ಕಾವಲಿನವನು ಅದನ್ನು ದೈವಭಕ್ತಿ ಎಂದುಕೊಂಡು ಸೆಲ್ಯೂಟ್ ಹೊಡೆದ. ಕೊಳ್ಳುವವರಿಗೆ ಆಪಿಲ್ಲ, ಪ್ರಶ್ನೆಯಿಲ್ಲ, ಗೇಟು ತಾನಾಗಿ ತೆರೆದುಕೊಂಡಿತು. ಮಾರಾಟದ ಹುಡುಗಿ ನಮ್ಮನ್ನು ಕೂರಿಸಿ ತಣ್ಣನೆಯ ಮಜ್ಜಿಗೆ ಕೊಟ್ಟು, ಈಜುಕೊಳದ ಚಿತ್ರ ತೋರಿಸಿದಳು. "ಅಂಕಲ್ ಸ್ವಿಮ್ ಮಾಡ್ತಾರಾ ಆಂಟಿ?" ಎಂದು ಕೇಳಿದಳು. "ಮುಳುಗ್ತಾರೆ" ಅಂದೆ. ಸುತ್ತಮುತ್ತ ನೋಡಿ ಬರುತ್ತೇವೆಂದು ಹೇಳಿ ತಪ್ಪಿಸಿಕೊಂಡೆವು.

ದಾರಿಯಲ್ಲಿ ಕಂಡ ಪ್ರಜೆಗಳು ನಿಜಕ್ಕೂ ಸುಸಂಸ್ಕೃತರು. ಒಬ್ಬಾಕೆ ನಾಯಿಗೆ ಇಂಗ್ಲಿಷಿನಲ್ಲಿ "ಪ್ಲೀಸ್" ಅಂದಳು. ಮನೆಗೆಲಸದವರಿಗೆ ಬೇರೆ ಲಿಫ್ಟು ಎಂದು ಬರೆದಿದ್ದ ಬೋರ್ಡಿನಲ್ಲೂ "ದಯವಿಟ್ಟು" ಇತ್ತು. ಇಷ್ಟು ಕಿಟಕಿಗಳಿದ್ದರೂ ಒಂದು ಕುಕ್ಕರಿನ ಸೀಟಿ ಇಲ್ಲ, ಒಂದು ಬೈಗುಳವಿಲ್ಲ. ಎರಡು ಪದರದ ಗಾಜು ಎಂದು ಮಾರಾಟದ ಹುಡುಗಿ ಹೆಮ್ಮೆಯಿಂದ ಹೇಳಿದ್ದಳು. ಹೊರಗಿನ ಸದ್ದು ಒಳಗೆ ಬರುವುದಿಲ್ಲವಂತೆ. ಒಳಗಿನದರ ಕತೆ ಏನೆಂದು ಕೊಳ್ಳುವವರು ಕೇಳುವುದಿಲ್ಲ.

ಮೇಲಿನ ಮಹಡಿ

ಶೈಲಾ ಕೆಳಗೆ ಬಂದು ಕರೆದುಕೊಂಡು ಹೋದಳು. ಇಸ್ತ್ರಿ ಮಾಡಿದ ಉದ್ದ ತೋಳಿನ ಕುರ್ತಾ, ಹಣೆಯಲ್ಲಿ ವಿಭೂತಿಯ ತೆಳು ಗೆರೆ. ಎರಡನೇ ಕ್ಲಾಸಿನ ಮಗಳು ಸಿರಿ ಬೇಸಿಗೆ ರಜೆಯಲ್ಲಿದ್ದಳು, ನೆಲದ ಮೇಲೆ ಕೂತು ಬಣ್ಣ ತುಂಬುತ್ತಿದ್ದಳು. ಮನೆ ಎಷ್ಟು ಒಪ್ಪವಾಗಿತ್ತೆಂದರೆ ಕೂರಲು ಮನಸ್ಸಾಗಲಿಲ್ಲ. ಶ್ರೀಕಂಠಯ್ಯನವರು ಸೋಫಾದ ಅಂಚಿನಲ್ಲಿ ಗುಬ್ಬಚ್ಚಿಯಂತೆ ಕೂತರು.

ನಾನು ಎಂದಿನ ಪ್ರಶ್ನೆಗಳಿಂದ ಶುರುಮಾಡಿದೆ. "ನಿಮ್ಮ ಯಜಮಾನರು ಕುಡೀತಾರಾ?"

"ಇಲ್ರಿ. ದಿನಾ ಪೂಜೆ ಮಾಡ್ತಾರ."

"ಕೆಟ್ಟ ಮಾತು ಬೈತಾರಾ? ನಿಮ್ಮ ತವರಿನವರನ್ನು ಹೀಯಾಳಿಸ್ತಾರಾ?"

"ಬೈಯಂಗಿಲ್ರಿ. ಒಂದು ಕೆಟ್ಟ ಶಬ್ದ ಅವರ ಬಾಯಾಗ ಬಂದಿಲ್ಲ."

"ಜೋರಾಗಿ ಕೂಗಾಡ್ತಾರಾ? ವಸ್ತು ಎಸೀತಾರಾ?"

ಅದೂ ಇಲ್ಲ. ಶ್ರೀಕಂಠಯ್ಯನವರು ನನ್ನತ್ತ ನೋಡಿ, ಇಷ್ಟು ದೂರ ಬಂದದ್ದು ಇದಕ್ಕಾ ಎನ್ನುವಂತೆ ಹುಬ್ಬೇರಿಸಿದರು. ನಮ್ಮ ಪ್ರಶ್ನೆಗಳೆಲ್ಲ ದಾಸರಹಳ್ಳಿಯ ಗಂಡಂದಿರ ಅಳತೆಗೆ ಹೊಲಿದವು. ಇಲ್ಲಿಯವರ ಮೈಗೆ ಕೂರುತ್ತಿರಲಿಲ್ಲ.

ಅಷ್ಟರಲ್ಲಿ ಅವಳ ಫೋನು ಹೊಡೆದುಕೊಂಡಿತು. ಮನೆಯ ಕರೆಗಂಟೆಗೂ ಕ್ಯಾಮೆರಾ ಇತ್ತು, ನಾವು ಒಳಗೆ ಬಂದ ಚಿತ್ರ ಗಂಡನ ಕೈ ಸೇರಿತ್ತು. ಮಾತಾಡುವಾಗ ಸ್ಪೀಕರ್ ಹಾಕಲೇಬೇಕೆಂಬುದು ಅವನ ಕಟ್ಟಪ್ಪಣೆಯಂತೆ. ಅವಳು ಹಾಕಿದಳು. ಆಕಾಶವಾಣಿಯ ವಾರ್ತೆ ಓದುವವರಂಥ ತಣ್ಣನೆಯ ಧ್ವನಿ.

"ಶೈಲಾ ಅವರ, ನೀವು ಆರಾಮ ಅದೀರೇನು? ಮನೀಗೆ ಯಾರೋ ದೊಡ್ಡವರು ಬಂದಂಗ ಐತಿ. ನೀವು ಅವರಿಗೆ ಚಹಾ ಕೊಟ್ರೇನು? ಕೊಡ್ರಿ. ನಾನು ಬರಾಕತ್ತೇನಿ. ನೀವು ಎಲ್ಲೂ ಹೋಗಬ್ಯಾಡ್ರಿ."

ಕರೆ ಮುಗಿಯಿತು. ಶ್ರೀಕಂಠಯ್ಯನವರು ಕರಗಿಹೋಗಿದ್ದರು. "ಏನು ಸಂಸ್ಕಾರ ಮೇಡಂ! ಹೆಂಡ್ತೀನ ಬಹುವಚನದಲ್ಲಿ ಮಾತಾಡಿಸೋರು ಎಷ್ಟು ಜನ ಸಿಗ್ತಾರೆ? ಕೂತು ಮಾತಾಡಿದ್ರೆ ಸರಿಹೋಗುತ್ತೆ."

ಆಗ ಸಿರಿ ಪೆನ್ಸಿಲುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿ, ಎದ್ದು ಬಾತ್‌ರೂಮಿಗೆ ಹೋದಳು. ಒಳಗಿನಿಂದ ಚಿಲಕ ಹಾಕಿದ ಸದ್ದಾಯಿತು. ಆಮೇಲೆ ನಲ್ಲಿಯ ಸದ್ದು. ಪೂರ್ತಿ ತಿರುಗಿಸಿಬಿಟ್ಟಿದ್ದಳು, ಬಕೆಟಿಗೆ ನೀರು ಧೋ ಎಂದು ಬೀಳುತ್ತಿತ್ತು.

"ಮಗುಗೇನಾಯ್ತು?" ಎಂದೆ.

ಶೈಲಾ ಬಾತ್‌ರೂಮಿನ ಬಾಗಿಲನ್ನೇ ನೋಡುತ್ತಿದ್ದಳು. "ದಿನಾ ಅವರು ನನಗ 'ನೀ' ಅಂತಾರ್ರಿ. 'ಏ ಶೈಲಾ, ನೀರು ತಾ' ಅಂದ್ರ ಆವತ್ತು ನಾ ಆರಾಮ. 'ನೀವು' ಅಂದ್ರ... ಆವತ್ತು ಹೊಡೆತ. ಹೊಡಿಯೂ ಮುಂದನೂ 'ನೀವು ಕೈ ತಗೀರಿ, ನೀವು ಈ ಕಡೆ ತಿರುಗ್ರಿ' ಅಂತಾರ. ಆಕೀಗೂ ಗೊತ್ತಾಗೇತಿ. 'ನೀವು' ಕೇಳಿದಕೂಡ್ಲೆ ಹೋಗಿ ನಳ ಬಿಡ್ತಾಳ. ನಾ ಚೀರೋದು ಕೇಳಬಾರದಲ್ರಿ."

ಅವಳು ತೋಳು ಮೇಲೆ ಸರಿಸಿದಳು. ಅದನ್ನು ನಾನು ವರ್ಣಿಸುವುದಿಲ್ಲ. ಒಂದು ಧ್ವನಿಯಲ್ಲಿ ಮೂರು ಸಲ 'ನೀವು' ಕೇಳಿಸಿಕೊಂಡು ನಾವು ಇಬ್ಬರು ಅನುಭವಸ್ಥರು ತಲೆದೂಗಿದ್ದೆವು. ಅಪಾಯವನ್ನು ಸರಿಯಾಗಿ ಅಳೆದವಳು ಎರಡನೇ ಕ್ಲಾಸಿನ ಹುಡುಗಿ.

ಶ್ರೀಕಂಠಯ್ಯನವರು ಎದ್ದು ನಿಂತಿದ್ದರು.

"ಶೈಲಾ, ಅವರು ಬರೋ ಹೊತ್ತಿಗೆ ನೀವು ಇಲ್ಲಿರ್ಬೇಕೋ ಬೇಡ್ವೋ, ನೀವೇ ಹೇಳ್ಬೇಕು" ಅಂದೆ.

"ಬ್ಯಾಡ್ರಿ" ಅಂದಳು. ಬಾತ್‌ರೂಮಿನ ಬಾಗಿಲು ತಟ್ಟಿದಳು. "ಸಿರಿ, ನಳ ಬಂದ್ ಮಾಡವ್ವಾ. ಹೋಗೂಣು."

ಮತ್ತೆ ಗೇಟು

ವಿದೇಶ ಪ್ರವಾಸದಲ್ಲಿ ಒಳಗೆ ಹೋಗುವುದು ಕಷ್ಟ, ಹೊರಗೆ ಬರುವುದು ಸುಲಭ ಅನ್ನುತ್ತಾರೆ. ಇಲ್ಲಿ ತಿರುವುಮುರುವು. ಗೇಟಿನಲ್ಲಿ ಈಗ ಬೇರೊಬ್ಬ ಕಾವಲಿನವನಿದ್ದ, ಕನ್ನಡದವನು. ಸಿರಿಯನ್ನು ನೋಡಿದ್ದೇ ಫೋನು ಒತ್ತಿದ.

"ಮೇಡಂ, ಮಗು ಹೊರಗೆ ಹೋಗೋಕೆ ಸಾರ್ ಅಪ್ರೂವ್ ಮಾಡ್ಬೇಕು. ರಿಕ್ವೆಸ್ಟ್ ಹಾಕ್ದೆ, ರಿಜೆಕ್ಟ್ ಅಂತ ಬಂತು. ದಯವಿಟ್ಟು ಒಳಗಡೆ ವೇಯ್ಟ್ ಮಾಡಿ."

"ತಾಯಿ ಪಕ್ಕದಲ್ಲೇ ಇದ್ದಾಳಲ್ಲಪ್ಪಾ!" ಎಂದೆ.

"ಸಿಸ್ಟಮಲ್ಲಿ ಸಾರ್ ನಂಬರ್ ಇರೋದು ಮೇಡಂ. ನಾನೇನ್ ಮಾಡ್ಲಿ? ನನ್ ಕೆಲ್ಸ ಹೋಗುತ್ತೆ."

ನಾನು ಪೊಲೀಸಿಗೆ ಒತ್ತಲು ಫೋನು ತೆಗೆದೆ. ಅಷ್ಟರಲ್ಲಿ ಶ್ರೀಕಂಠಯ್ಯನವರು ಮುಂದೆ ಬಂದರು. ಬೆನ್ನು ನೆಟ್ಟಗಾಗಿತ್ತು, ಹೊಟ್ಟೆ ಒಳಗೆ ಹೋಗಿತ್ತು. ನಿವೃತ್ತಿಯ ದಿನ ಕಾರ್ಖಾನೆಗೆ ಒಪ್ಪಿಸಿಬಂದಿದ್ದ ಧ್ವನಿ ಎಲ್ಲಿಂದಲೋ ವಾಪಸು ಬಂದಿತ್ತು.

"ಏನಯ್ಯಾ, ಗೇಟ್ ಡ್ಯೂಟಿ ಯಾರು ಕಲ್ಸಿದ್ರು ನಿಂಗೆ? ನಾನು ಆಯಸ್ಸೆಲ್ಲಾ ಫ್ಯಾಕ್ಟರಿ ಗೇಟಲ್ಲೇ ಕಳ್ದಿರೋನು. ಒಂದು ಬೋಲ್ಟ್ ಹೊರಗೆ ಹೋಗ್ಬೇಕಾದ್ರೂ ಪಾಸ್ ಕೇಳಿದ್ದೀನಿ. ಜನರಲ್ ಮ್ಯಾನೇಜರ್ ಡಿಕ್ಕೀನೂ ತೆಗ್ಸಿದ್ದೀನಿ. ಆದ್ರೆ ಗೇಟ್ ಪಾಸ್ ಕೇಳೋದು ಮಾಲಿಗೆ ಕಣಯ್ಯಾ. ಈ ಮಗು ಯಾವ ಮಾಲು? ಪಾರ್ಟ್ ನಂಬರ್ ಹೇಳು ನೋಡೋಣ!"

ಕಾವಲಿನವನು ತಬ್ಬಿಬ್ಬಾದ. ಅವರನ್ನೂ ನೋಡಿದ, ಫೋನನ್ನೂ ನೋಡಿದ. ರೂಲ್ಸು ಸಾರ್, ಎಂದು ಮತ್ತೆ ಗೊಣಗಿದ.

ಆಗ ಶೈಲಾ ಅವನ ಎದುರು ಹೋಗಿ ನಿಂತಳು. ಸಿರಿಯ ಕೈ ಅವಳ ಮುಷ್ಟಿಯಲ್ಲಿತ್ತು. ಅದುವರೆಗೆ ಪಿಸುಮಾತು ಬಿಟ್ಟು ಬೇರೆ ಆಡದವಳು ಗಟ್ಟಿಯಾಗಿ ಹೇಳಿದಳು: "ತಮ್ಮಾ, ನಾ ಈಕಿ ತಾಯಿ. ಗೇಟ್ ತಗಿ."

ಕೆಲಸದ ಭಯವೋ, ತಾಯಿಯ ನೆನಪೋ, ನನ್ನ ಕೈಯಲ್ಲಿದ್ದ ಫೋನೋ ಗೊತ್ತಿಲ್ಲ, ಅವನು ಪಕ್ಕದ ಕಿರುಗೇಟನ್ನು ತೆಗೆದು ಬೇರೆ ಕಡೆ ಮುಖ ಮಾಡಿ ನಿಂತ. ಸಿಕ್ಕಿದ ಆಟೋಗೆ ತುರುಕಿಕೊಂಡೆವು.

ಮುಖ್ಯರಸ್ತೆಗೆ ಬಂದದ್ದೇ ಶೈಲಾ ಮಗಳ ತಲೆಯನ್ನು ಮಡಿಲಿಗೆ ಒತ್ತಿ ತಾನೂ ಬಗ್ಗಿದಳು. "ಅವರ ಕಾರು" ಅಂದಳು. ಎದುರು ರಸ್ತೆಯಲ್ಲಿ ನೀರಿನ ಟ್ಯಾಂಕರಿನ ಹಿಂದೆ, ಕಾಂಕ್ರೀಟ್ ಲಾರಿಯ ಮುಂದೆ ಬಿಳಿ ಕಾರೊಂದು ಸಿಕ್ಕಿಕೊಂಡಿತ್ತು, ಹಿಂದೂ ಹೋಗದೆ ಮುಂದೂ ಹೋಗದೆ. ಬೆಂಗಳೂರಿನ ಟ್ರಾಫಿಕ್ಕಿಗೆ ನಾನು ಹಾಕದ ಶಾಪವಿಲ್ಲ. ಆವತ್ತು ಆಟೋದೊಳಗಿಂದಲೇ ಕೈ ಮುಗಿದೆ. ಹೀಗೇ ಇರಪ್ಪಾ, ಇನ್ನೊಂದು ಗಂಟೆ ಇರು.

ಸ್ವದೇಶ

ಮೆಟ್ರೊದಲ್ಲಿ ಸೀಟು ಸಿಕ್ಕಿತು. ನಾನು ಕಲಿತ ವಿದ್ಯೆಯನ್ನೆಲ್ಲ ಸುರಿದೆ. "ಶೈಲಾ, ನೀವು ಹೆದರ್ಬೇಡಿ. ನೀವು ನೀರು ಕುಡೀರಿ. ನಾಳೆ ನೀವು ಡಾಕ್ಟರ ಹತ್ರ ಬನ್ನಿ, ಗಾಯ ಬರೆಸೋಣ. ಆಮೇಲೆ ಕೋರ್ಟಿನ ರಕ್ಷಣೆಗೆ ಅರ್ಜಿ."

ಸಿರಿ ತಾಯಿಯ ಕುರ್ತಾ ಎಳೆದಳು. "ಅವ್ವಾ, ಇಲ್ಲಿ ಬಾತ್‌ರೂಮ್ ಎಲ್ಲೈತಿ?"

"ಅರ್ಜೆಂಟಾ ಪುಟ್ಟಾ?" ಎಂದೆ. ತಲೆಯಾಡಿಸಿದಳು, ಇಲ್ಲವೆಂದು. ಸ್ವಲ್ಪ ಹೊತ್ತಿಗೆ ಶ್ರೀಕಂಠಯ್ಯನವರು ಶೈಲಾಳ ಮುಂದೆ ಬಿಸ್ಕೆಟ್ ಹಿಡಿದು, "ನೀವು ತಗೊಳ್ಳಿ ಅಮ್ಮಾ" ಅಂದರು. ಮಗು ಎದ್ದು ನಿಂತು ಬೋಗಿಯ ಆ ತುದಿ ಈ ತುದಿ ಹುಡುಕಿತು. ಆಗ ನನಗೆ ಹೊಳೆಯಿತು. ನಾಚಿಕೆಯಾಯಿತು, ಅಳುವೂ ಬಂತು. ಉಳಿದ ದಾರಿಯುದ್ದಕ್ಕೂ ಬಾಯಿ ಮುಚ್ಚಿಕೊಂಡು ಕೂತೆ. 'ನೀ' ಅನ್ನಲು ನನ್ನ ನಾಲಿಗೆ ಹೊರಳಲಿಲ್ಲ. ಅದು ಮರ್ಯಾದಸ್ಥ ನಾಲಿಗೆ.

ದಾಸರಹಳ್ಳಿಯಲ್ಲಿ ಇಳಿದಾಗ ಸ್ವದೇಶದ ಗಾಳಿ ಮೂಗಿಗೆ ಬಡಿಯಿತು: ಗ್ರೀಸು, ಮೋರಿ, ಕಡಲೆಕಾಯಿ ಹುರಿಯುವ ಹೊಗೆ. ಒಬ್ಬ ಆಟೋದವನು ಇನ್ನೊಬ್ಬನ ವಂಶಾವಳಿಯನ್ನು ಬಿಡಿಸಿ ಹೇಳುತ್ತಿದ್ದ. ನಮ್ಮ ಹೆಂಗಸರ ತಂಗುಮನೆ ಎರಡು ಬೀದಿ ಆಚೆ. ಅಲ್ಲಿ ಅಡುಗೆ ಮಾಡುವಾಕೆ ಕೆಂಪಮ್ಮ. ಯಾವ ತರಬೇತಿಯೂ ಮುಟ್ಟದ ಬಾಯಿ ಅದು. ಜಿಲ್ಲಾಧಿಕಾರಿ ಬಂದರೂ "ಕುಂತ್ಕಳಪ್ಪ" ಅನ್ನುವವಳು. ಆ ಬಾಯಿ ತಿದ್ದಲು ನಾವು ಮಾಡಿದ ಪ್ರಯತ್ನಗಳೆಲ್ಲ ಅವಳ ಸಾರಿನಲ್ಲಿ ಕರಗಿಹೋಗಿವೆ.

ಶೈಲಾ ಹೊಸ್ತಿಲಲ್ಲಿ ನಿಂತಿದ್ದಳು. ಕೆಂಪಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಏ, ಬಾರೇ ಒಳಿಕೆ! ಇಂಗ್ ನಿಂತ್ಕಂಡ್ರೆ ಒಟ್ಟೆ ತುಂಬ್ತದಾ? ಯಾವಾಗ ಉಂಡಿದ್ದೆ ನೀನು? ಮಕ ನೋಡು, ಒಣಗೋದ ಬಾಳೆಸುಳಿ ಇದ್ದಂಗದೆ. ಏ ಕೂಸೇ, ನೀನೂ ಬಾ, ಕೈ ತೊಳ್ಕಾ."

ನನಗೆ ಮೈಯೆಲ್ಲ ಮುಳ್ಳಾಯಿತು. "ಕೆಂಪಮ್ಮಾ, ಸ್ವಲ್ಪ ಮರ್ಯಾದೆ ಕೊಟ್ಟು..." ಎಂದು ಶುರುಮಾಡಿದೆ.

ಶೈಲಾ ನನ್ನ ಕೈ ಹಿಡಿದಳು. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಗೇಟಿನಲ್ಲಿ ಅಳದವಳು, ಗಾಯ ತೋರಿಸುವಾಗ ಅಳದವಳು. "ಬಿಡ್ರಿ ಅಕ್ಕಾ, ಹಂಗ ಕರೀಲಿ" ಅಂದಳು. "ನೀವೂ ಹಂಗ ಕರೀರಿ."

ಸಿರಿ ಆಗಲೇ ಕೆಂಪಮ್ಮನ ಪಕ್ಕ ತಟ್ಟೆಯ ಮುಂದೆ ಕೂತಿದ್ದಳು. ಒಳಗೆ ಬರುತ್ತಲೇ ಎಡಗಡೆಗೆ ಬಾತ್‌ರೂಮು, ಬಾಗಿಲು ತೆರೆದೇ ಇತ್ತು, ಅವಳು ಆ ಕಡೆ ನೋಡಲಿಲ್ಲ. ಕೆಂಪಮ್ಮ, "ಮುದ್ದೆ ನುಂಗೋದು ಕಲ್ತಿದ್ದೀಯೇನೇ, ಇಲ್ಲಾ ಅಗೀತೀಯಾ?" ಎಂದು ಗದರಿದಳು. ಮಗು ಕಿಸಕ್ಕನೆ ನಕ್ಕಿತು.

ಶೈಲಾ ಇನ್ನೂ ನನ್ನ ಕೈ ಹಿಡಿದು ನಿಂತಿದ್ದಳು. "ನೀ... ಊಟ ಮಾಡು ಹೋಗೇ" ಅಂದೆ.